ಅಟ್ಟದ ಮೇಲೆ ಯಾರು? ಮನೆಯ ಇಲಿಕಾಟ ಪತ್ತೆಹಚ್ಚಿ ನಿಲ್ಲಿಸುವ ಕೈಪಿಡಿ

ಸಕಲೇಶಪುರ, ಮೂಡಿಗೆರೆ ಕಡೆಯ ಹಂಚಿನ ಮನೆಯಾಗಲಿ, ಹಾಸನದ ಹೊಸ ಬಡಾವಣೆಯ ತಾರಸಿ ಮನೆಯಾಗಲಿ, ಇಲಿ ಕಾಣಿಸಿತು ಅಂದರೆ ಎಲ್ಲರೂ ಮೊದಲು ಓಡುವುದು ಅಂಗಡಿಗೆ. ಒಬ್ಬರು ಬೋನು ತರುತ್ತಾರೆ, ಇನ್ನೊಬ್ಬರು ಪಾಷಾಣದ ಪೊಟ್ಟಣ ತರುತ್ತಾರೆ. ಹದಿನೈದು ದಿನ ಕಳೆದ ಮೇಲೆ ಇಬ್ಬರದೂ ಒಂದೇ ಮಾತು: "ಈಗಿನ ಇಲಿ ಬಲು ಜಾಣ ಮಾರಾಯ್ರೆ, ಯಾವುದಕ್ಕೂ ಬೀಳಲ್ಲ." ಇಲಿ ಜಾಣ, ಹೌದು. ಆದರೆ ಬೋನು ಖಾಲಿ ಉಳಿಯುವುದಕ್ಕೆ ಹೆಚ್ಚಿನ ಸಲ ಕಾರಣ ಬೇರೆ. ಗಳದ ಮೇಲೆ ಓಡಾಡುವ ಇಲಿಗೆ ಅಡುಗೆಮನೆಯ ನೆಲದಲ್ಲಿ ಬೋನು ಇಟ್ಟಿರುತ್ತಾರೆ. ಹೆಗ್ಗಣ ಹಿಡಿಯಲು ಅಂಗೈಯಗಲದ ಬೋನು ತಂದಿರುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ರಾತ್ರಿ ಸದ್ದು ಮಾಡುವುದು ಇಲಿಯೇ ಅಲ್ಲ.

ಯಾವ ಪ್ರಾಣಿ, ಎಲ್ಲಿಂದ ಬಂತು, ಏನು ತಿನ್ನಲು ಬಂತು, ಈ ಮೂರೂ ತಿಳಿದ ಮೇಲೆ ಬೋನಿನ ಮಾತು. ಪಾಷಾಣದ ಮಾತು ಅದಕ್ಕೂ ಆಮೇಲೆ. ಈ ಮೂರನ್ನು ಹುಡುಕದೆ ಇಲಿ ಹಿಡಿಯುತ್ತಾ ಹೋಗುವುದು, ವೈರು ಎಲ್ಲಿ ತಾಗುತ್ತಿದೆ ಎಂದು ನೋಡದೆ ದಿನಾ ಹೊಸ ಫ್ಯೂಸ್ ಹಾಕಿದ ಹಾಗೆ.

ಮೊದಲು ಹಿಕ್ಕೆ ನೋಡಿ

ಇಲಿ ಕಣ್ಣಿಗೆ ಬೀಳುವುದು ಅಪರೂಪ. ಹಿಕ್ಕೆ ಹಾಗಲ್ಲ, ಇಲಿ ಓಡಾಡಿದಲ್ಲೆಲ್ಲ ಇದ್ದೇ ಇರುತ್ತದೆ. ಟಾರ್ಚ್ ಹಿಡಿದು ಗ್ಯಾಸ್ ಸಿಲಿಂಡರಿನ ಹಿಂದೆ, ಫ್ರಿಜ್ಜಿನ ಕೆಳಗೆ, ಅಕ್ಕಿ ಡಬ್ಬದ ಮೂಲೆ, ಅಟ್ಟದ ಗೋಡೆಯಂಚು, ಬಚ್ಚಲುಮನೆಯ ಸೌದೆ ರಾಶಿಯ ಪಕ್ಕ ನೋಡಿ. ಬರಿಗೈಯಲ್ಲಿ ಮುಟ್ಟಬೇಡಿ, ಒಂದು ಕಡ್ಡಿ ಸಾಕು.

ಜೀರಿಗೆಯಷ್ಟು ಗಾತ್ರ, 3ರಿಂದ 6 ಮಿ.ಮೀ. ಉದ್ದ, ತುದಿ ಚೂಪು, ಡ್ರಾಯರಿನಲ್ಲೋ ಶೆಲ್ಫಿನಲ್ಲೋ ಅಲ್ಲಲ್ಲಿ ಚೆಲ್ಲಿದೆ ಅಂದರೆ ಅದು ಚಿಟ್ಟಿಲಿ. ತೂಕ 15ರಿಂದ 25 ಗ್ರಾಂ ಅಷ್ಟೇ. ಆದರೆ ಒಂದೇ ಒಂದು ಚಿಟ್ಟಿಲಿ ದಿನಕ್ಕೆ 50ಕ್ಕೂ ಹೆಚ್ಚು ಹಿಕ್ಕೆ ಹಾಕುತ್ತದೆ. ಹಾಗಾಗಿ ಶೆಲ್ಫಿನ ತುಂಬ ಕಪ್ಪು ಕಾಳು ಕಂಡ ಕೂಡಲೇ ಮನೆಯಲ್ಲಿ ಇಲಿಗಳ ದಂಡೇ ಇದೆ ಎಂದು ಗಾಬರಿಯಾಗಬೇಕಿಲ್ಲ.

ಸುಮಾರು 12 ಮಿ.ಮೀ. ಉದ್ದ, ನಡುವೆ ತುಸು ಬಾಗಿದ ಹಿಕ್ಕೆ ಅಟ್ಟದ ಮೇಲೆ, ತೊಲೆಯ ಮೇಲೆ, ಕಪಾಟಿನ ತಲೆಯ ಮೇಲೆ ಸಿಕ್ಕರೆ ಅದು ಮನೆ ಇಲಿ. ಇದರ ಬಾಲ ಮೈಗಿಂತ ಉದ್ದ, ಹತ್ತುವುದರಲ್ಲಿ ಎತ್ತಿದ ಕೈ. ಮಲೆನಾಡಿನ ಹಂಚಿನ ಮನೆಗಳಲ್ಲಿ ಅಟ್ಟ ಆಳುವುದು ಇದೇ. ಇನ್ನೂ ದಪ್ಪ, 2 ಸೆಂ.ಮೀ. ಹತ್ತಿರದ ಹಿಕ್ಕೆ ಬಚ್ಚಲ ಮೋರಿ, ಕೊಟ್ಟಿಗೆ, ಹಿತ್ತಿಲ ಗೋಡೆಯ ಬುಡದಲ್ಲಿ ಸಿಕ್ಕಿ, ಪಕ್ಕದಲ್ಲೇ ಹೊಸ ಮಣ್ಣಿನ ಗುಡ್ಡೆ ಇದ್ದರೆ ಹೆಗ್ಗಣ. ಹೆಗ್ಗಣ ಹತ್ತುವುದಕ್ಕಿಂತ ತೋಡುವುದರಲ್ಲಿ ಗಟ್ಟಿ. ಅಟ್ಟದಲ್ಲಿ ಹೆಗ್ಗಣ ಬಂದಿದೆ ಎಂದು ಯಾರಾದರೂ ಅಂದರೆ ನಾನಂತೂ ಇನ್ನೊಮ್ಮೆ ನೋಡಿ ಬನ್ನಿ ಅನ್ನುತ್ತೇನೆ.

ಇಲಿಯದಲ್ಲದ ಹಿಕ್ಕೆಯೂ ಬಹಳ ಇದೆ, ಎಡವಟ್ಟು ಆಗುವುದು ಇಲ್ಲೇ. ಒಂದು ತುದಿಯಲ್ಲಿ ಬಿಳಿ ಚುಕ್ಕೆ ಇದ್ದರೆ ಹಲ್ಲಿಯದು. ಕಡ್ಡಿಯಿಂದ ಒತ್ತಿದರೆ ಪುಡಿಪುಡಿಯಾಗಿ, ಒಳಗೆ ಹುಳದ ರೆಕ್ಕೆಯ ಚೂರು ಮಿನುಗಿದರೆ ಬಾವಲಿಯದು. ಒಣಗಿದ ಇಲಿ ಹಿಕ್ಕೆ ಹಾಗೆ ಹಗುರವಾಗಿ ಉದುರುವುದಿಲ್ಲ. ಮೂಲೆಯಲ್ಲಿ ಒಂದೇ ಕಡೆ ಮೆತ್ತಗೆ ಗುಡ್ಡೆಯಾಗಿದ್ದು ಘಾಟು ವಾಸನೆ ಬಂದರೆ ಮೂಗಿಲಿಯದು. ಹೆಸರಲ್ಲಿ ಇಲಿ ಇದ್ದರೂ ಮೂಗಿಲಿ ಇಲಿಯ ಜಾತಿಯಲ್ಲ. ಉದ್ದ ಚೂಪು ಮೂತಿ, ಕಣ್ಣು ಸಾಸಿವೆಯಷ್ಟು, ಗೋಡೆಯಂಚಿನಲ್ಲಿ ಚಿಂಚಿಂ ಎನ್ನುತ್ತಾ ಹೋಗುತ್ತದೆ. ತಿನ್ನುವುದು ಜಿರಲೆ, ಹುಳ, ಎರೆಹುಳು. ಅಕ್ಕಿ ಮೂಟೆಗೆ ತೂತು ಕೊರೆಯುವುದು ಅದಲ್ಲ. ಕಾಳಿಗೆ ಬೆರೆಸಿಟ್ಟ ಪಾಷಾಣವನ್ನು ಅದು ಮುಟ್ಟುವುದೂ ಇಲ್ಲ. ಮೂಗಿಲಿ ದಿನಾ ಬರುತ್ತಿದ್ದರೆ ಮನೆಯಲ್ಲಿ ಜಿರಲೆ ಜಾಸ್ತಿಯಾಗಿದೆ ಎಂದು ತಿಳಿದು ಆ ಕಡೆ ಗಮನ ಕೊಡಿ.

ಅಟ್ಟದಲ್ಲಿ ಬೆರಳುದ್ದದ ಹಿಕ್ಕೆ, ಅದರೊಳಗೆ ಇಡೀ ಇಡೀ ಕಾಫಿ ಬೀಜ! ಕಾಫಿ ಹಣ್ಣಾಗುವ ಕಾಲದಲ್ಲಿ ತೋಟದ ಮನೆಗಳಲ್ಲಿ ಇದು ಕಾಣುತ್ತದೆ. ಅದು ಕಬ್ಬೆಕ್ಕು. ಅದೇ ಬೀಜ ತೊಳೆದು ದುಬಾರಿ ಬೆಲೆಗೆ ಮಾರುವವರೂ ಇದ್ದಾರೆ, ಆ ಮಾತು ಬೇರೆ. ಕಬ್ಬೆಕ್ಕು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಬೋನು, ಪಾಷಾಣ ಎರಡೂ ಕೂಡದು. ರಾತ್ರಿ ಅದು ಹೊರಗೆ ಹೋದ ಮೇಲೆ ಹಂಚಿನ ಸಂದಿ ಮುಚ್ಚಬೇಕು. ಮರಿಗಳಿದ್ದರೆ ಅವು ಓಡಾಡುವಷ್ಟು ಬೆಳೆಯುವವರೆಗೆ ಕಾಯಬೇಕು.

ಪ್ರಾಣಿ ಯಾವುದೆಂದು ಗುರುತಾದ ಮೇಲೆ ಎಲ್ಲ ಹಿಕ್ಕೆಯನ್ನೂ ತೆಗೆದುಬಿಡಿ. ಒಣಗಿದ್ದನ್ನು ಪೊರಕೆಯಿಂದ ಗುಡಿಸಿದರೆ ದೂಳು ಮೂಗಿಗೆ ಹೋಗುತ್ತದೆ. ಬ್ಲೀಚ್ ಬೆರೆಸಿದ ನೀರು ಚಿಮುಕಿಸಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಹಳೇ ಬಟ್ಟೆಯಿಂದ ಒರೆಸಿ. ಸ್ವಚ್ಛವಾದರೆ ಆಯಿತು ಅಂತಲ್ಲ, ಪತ್ತೆಗೂ ಇದು ಬೇಕು. ನಾಳೆ ಬೆಳಿಗ್ಗೆ ಎಲ್ಲಿ ಹೊಸದು ಬಿದ್ದಿದೆಯೋ ಅದೇ ಇವತ್ತಿನ ದಾರಿ. ಹೊಸ ಹಿಕ್ಕೆ ಕಪ್ಪಾಗಿ, ಮೆತ್ತಗೆ, ಹೊಳಪಾಗಿರುತ್ತದೆ. ಬೂದುಬಣ್ಣಕ್ಕೆ ತಿರುಗಿದ್ದು ಹಳೇ ಲೆಕ್ಕ.

ಸದ್ದು ಯಾವ ಹೊತ್ತಿಗೆ?

ಹಗಲಲ್ಲಿ ಹಂಚಿನ ಮೇಲೆ ಟರಟರ ಓಡಾಟ ಇದ್ದರೆ ಅದು ಅಳಿಲು. ದೀಪ ಆರಿಸಿದ ಅರ್ಧ ಗಂಟೆಗೆ ಶುರುವಾಗಿ ತೊಲೆಯಿಂದ ತೊಲೆಗೆ ಹಗುರವಾಗಿ ಓಡಿದರೆ ಮನೆ ಇಲಿ. ಯಾರೋ ಮನುಷ್ಯರೇ ನಡೆದಂತೆ ಧಪ್ ಧಪ್ ಎಂದರೆ ಕಬ್ಬೆಕ್ಕು. ಗೋಡೆಯ ಒಳಗೆ ಅಥವಾ ಅಡುಗೆಮನೆಯ ಕಪಾಟಿನ ಹಿಂದೆ ಕರಕರ ಕೆರೆಯುವ ಸಣ್ಣ ಸದ್ದಾದರೆ ಚಿಟ್ಟಿಲಿ ಗೂಡು ಕಟ್ಟುತ್ತಿದೆ. ಇಲಿ ಹಗಲಲ್ಲೇ ನಿಮ್ಮ ಎದುರಿಗೆ ಓಡಾಡುತ್ತಿದ್ದರೆ ಎರಡರಲ್ಲಿ ಒಂದು: ಅವುಗಳ ಸಂಖ್ಯೆ ಮಿತಿಮೀರಿ ದುರ್ಬಲವಾದವಕ್ಕೆ ರಾತ್ರಿ ಊಟ ಸಿಗುತ್ತಿಲ್ಲ, ಅಥವಾ ಆ ಇಲಿಗೆ ಕಾಯಿಲೆಯೋ ವಿಷವೋ ತಗುಲಿದೆ.

ಬೂದಿ ಪರೀಕ್ಷೆ

ಹಂಡೆ ಒಲೆ ಇರುವ ಮನೆಯಲ್ಲಿ ಇದಕ್ಕೆ ಕಾಸೂ ಖರ್ಚಿಲ್ಲ. ಒಲೆಯ ಬೂದಿಯನ್ನು ಜರಡಿ ಹಿಡಿದು, ಅನುಮಾನ ಇರುವ ಜಾಗದಲ್ಲಿ ಗೋಡೆಯಂಚಿಗೆ ಒಂದು ಗೇಣು ಅಗಲ ತೆಳ್ಳಗೆ ಹರಡಿ. ಬೂದಿ ಇಲ್ಲದವರಿಗೆ ಟಾಲ್ಕಂ ಪೌಡರ್ ಆಗುತ್ತದೆ. ರಾಗಿ ಹಿಟ್ಟು, ಗೋಧಿ ಹಿಟ್ಟು ಬೇಡ, ಹೆಜ್ಜೆ ಮೂಡುವ ಮೊದಲೇ ನೆಕ್ಕಿ ಹೋಗುತ್ತವೆ.

ಬೆಳಿಗ್ಗೆ ಟಾರ್ಚನ್ನು ನೆಲಕ್ಕೆ ಸಮನಾಗಿ ಮಲಗಿಸಿ ಬೆಳಕು ಬಿಡಿ. ಮುಂಗಾಲಿನ ಗುರುತಿನಲ್ಲಿ ನಾಲ್ಕು ಬೆರಳು, ಹಿಂಗಾಲಿನಲ್ಲಿ ಐದು, ನಡುವೆ ಬಾಲ ಎಳೆದ ಗೆರೆ ಕಂಡರೆ ಇಲಿ ಜಾತಿ. ಹಿಂಗಾಲಿನ ಗುರುತು 2 ಸೆಂ.ಮೀ.ಗಿಂತ ಚಿಕ್ಕದಾದರೆ ಚಿಟ್ಟಿಲಿ, 3 ಸೆಂ.ಮೀ. ದಾಟಿದರೆ ದೊಡ್ಡ ಇಲಿ, ಅಂದರೆ ಮನೆ ಇಲಿಯೋ ಹೆಗ್ಗಣವೋ. ಇಲ್ಲಿ ಹೆಜ್ಜೆಯ ಗಾತ್ರಕ್ಕಿಂತ ಅದು ಯಾವ ಕಡೆಗೆ ಹೋಗಿದೆ ಎಂಬುದೇ ಮುಖ್ಯ. ಬಂದ ಹೆಜ್ಜೆ, ಹೋದ ಹೆಜ್ಜೆ ಎರಡೂ ಒಂದೇ ಮೂಲೆಗೆ ಸೇರುತ್ತಿದ್ದರೆ ತೂತು ಅಲ್ಲೇ ಇದೆ. ಹೆಜ್ಜೆ ಅಡುಗೆಮನೆಯ ನಡುವಿನಿಂದಲೇ ಶುರುವಾಗಿದ್ದರೆ ಮೇಲಿನಿಂದ ಇಳಿದಿದೆ ಎಂದು ಅರ್ಥ. ತಲೆಯೆತ್ತಿ ನೋಡಿ. ಇಲಿಗಳು ಬಯಲಲ್ಲಿ ಓಡಲು ಹೆದರುತ್ತವೆ, ಮೈ ಗೋಡೆಗೆ ತಾಗಿಸಿಕೊಂಡೇ ಹೋಗುತ್ತವೆ. ಅದೇ ದಾರಿಯಲ್ಲಿ ದಿನಾ ಓಡಾಡಿ ಸುಣ್ಣದ ಗೋಡೆಯ ಮೇಲೆ, ತೊಲೆ ಗೋಡೆಗೆ ಸೇರುವಲ್ಲಿ ಎಣ್ಣೆ ಜಿಡ್ಡಿನ ಕಪ್ಪು ಪಟ್ಟಿ ಬಿಟ್ಟಿರುತ್ತವೆ. ಆ ಪಟ್ಟಿ ಹಿಡಿದು ಹೋದರೆ ಬಾಗಿಲು ಸಿಗುತ್ತದೆ.

ತೂತು ಎಲ್ಲಿದೆ?

ಎರಡು ಅಳತೆ ನೆನಪಿಡಿ. ಚಿಟ್ಟಿಲಿಗೆ 6 ಮಿ.ಮೀ. ಸಂದಿ ಸಾಕು, ಅಂದರೆ ಪೆನ್ಸಿಲ್ ತೂರುವಷ್ಟು. ದೊಡ್ಡ ಇಲಿಯ ಮರಿಗೆ 12 ಮಿ.ಮೀ. ಪೆನ್ಸಿಲ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಮನೆಯ ಸುತ್ತ ಒಂದು ಸುತ್ತು ಬನ್ನಿ, ಮೊದಲು ಹೊರಗಿನಿಂದ, ಆಮೇಲೆ ಒಳಗಿನಿಂದ. ಇನ್ನೊಂದು ಉಪಾಯವೂ ಇದೆ. ಹಗಲಲ್ಲಿ ಅಟ್ಟಕ್ಕೆ ಹತ್ತಿ ದೀಪ ಆರಿಸಿ ಕುಳಿತರೆ ಬೆಳಕು ಎಲ್ಲೆಲ್ಲಿ ಒಳಗೆ ಬರುತ್ತದೋ ಅಲ್ಲೆಲ್ಲ ಇಲಿಯೂ ಬರಬಹುದು.

ಹಂಚಿನ ಮನೆಯಲ್ಲಿ ಮೊದಲು ನೋಡಬೇಕಾದ ಜಾಗ ಸೂರು. ಗೋಡೆಯ ತಲೆಗೂ ಹಂಚಿಗೂ ನಡುವೆ ಗಳಗಳ ಸಂದಿಯಲ್ಲಿ ಉಳಿಯುವ ಬಾಯಿಗಳನ್ನು ಕಟ್ಟಿದ ಮೇಸ್ತ್ರಿ ಮುಚ್ಚಿರುವುದಿಲ್ಲ. ಗಾಳಿಯಾಡಲಿ ಎಂದು ಬಿಟ್ಟದ್ದು, ಅದು ತಪ್ಪೂ ಅಲ್ಲ. ಅಲ್ಲಿಗೆ ಸಿಮೆಂಟ್ ಮೆತ್ತಿದರೆ ಮಳೆಗಾಲದ ತೇವ ಒಳಗೇ ಉಳಿದು ರೀಪು ಕೊಳೆಯುತ್ತದೆ. 6 ಮಿ.ಮೀ. ಕಣ್ಣಿನ ತಂತಿ ಜಾಲರಿಯನ್ನು ಮೊಳೆ ಹೊಡೆದು ಕೂರಿಸಿ, ಗಾಳಿಯೂ ಬರುತ್ತದೆ. ಪ್ಲಾಸ್ಟಿಕ್ ಸೊಳ್ಳೆ ಪರದೆ ಹಾಕಿದರೆ ಒಂದೇ ರಾತ್ರಿಯಲ್ಲಿ ಕಡಿದು ಹಾಕುತ್ತವೆ. ಎರಡನೆಯದು ಮಂಗ ಸರಿಸಿದ ಹಂಚು. ಮಳೆ ಬಂದಾಗ ಸೋರಿದರಷ್ಟೇ ನಾವು ಹಂಚು ನೋಡುತ್ತೇವೆ. ಸೋರದ ಜಾಗದಲ್ಲಿ ಸರಿದ ಹಂಚು ವರ್ಷಗಟ್ಟಲೆ ಹಾಗೇ ಇರುತ್ತದೆ. ಮೂರನೆಯದು ಮರ. ಹಲಸಿನ ಕೊಂಬೆಯೋ ಸಿಲ್ವರ್ ಓಕ್ ಮರದ ಮೇಲಿನ ಮೆಣಸಿನ ಬಳ್ಳಿಯೋ ಹಂಚಿಗೆ ತಾಗುತ್ತಿದ್ದರೆ ನೀವು ಕೆಳಗೆ ಏನು ಮುಚ್ಚಿದರೂ ಪ್ರಯೋಜನ ಇಲ್ಲ. ಎರಡು ಮೀಟರಾದರೂ ಅಂತರ ಇರುವಂತೆ ಕಡಿಯಿರಿ. ಕೇಬಲ್ ವೈರಿನ ಮೇಲೂ ಅವು ನಡೆದು ಬರುತ್ತವೆ. ವೈರು ಗೋಡೆಗೆ ಹೊಕ್ಕ ತೂತನ್ನಾದರೂ ಮುಚ್ಚಿ.

ತಾರಸಿ ಮನೆಯಲ್ಲಿ ಇಲಿ ಬರುವುದಿಲ್ಲ ಎಂಬ ನಂಬಿಕೆ ಹಾಸನದಲ್ಲಿ ಬಹಳ ಜನಕ್ಕಿದೆ. ಬರುತ್ತದೆ, ಪೈಪಿನ ಜೊತೆಗೆ. ಸೋಲಾರ್ ನೀರಿನ ಪೈಪ್ ತಾರಸಿಯಿಂದ ಬಚ್ಚಲಿಗೆ ಇಳಿಯುವ ತೂತು, ಸಿಂಕ್ ಕೆಳಗೆ ಕೊಳಾಯಿ ಹೊರಗೆ ಹೋಗುವ ಜಾಗ, ನೀರು ಶುದ್ಧೀಕರಿಸುವ ಯಂತ್ರದ ಪೈಪ್, ಗ್ಯಾಸ್ ಪೈಪ್, ಏಸಿ ಪೈಪ್: ಪ್ಲಂಬರ್ ಒಂದಿಂಚು ಪೈಪಿಗೆ ಎರಡಿಂಚು ತೂತು ಕೊರೆದು, ಮೇಲೊಂದು ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿ ಹೋಗಿರುತ್ತಾನೆ. ಬಿಲ್ಲೆ ಸರಿಸಿ ನೋಡಿ. ಬಚ್ಚಲ ನೆಲದ ಜಾಲಿ ಮುರಿದಿದೆಯೇ, ಹೊರಗಿನ ಚೇಂಬರಿನ ಮುಚ್ಚಳ ಕೂತಿದೆಯೇ ಅದನ್ನೂ ನೋಡಿ, ದೊಡ್ಡ ಇಲಿ ಮೋರಿಯಲ್ಲಿ ಈಜಿಕೊಂಡು ಬರಬಲ್ಲದು. ಇನ್ನು ಹಿತ್ತಿಲ ಬಾಗಿಲು. ಮಳೆಗಾಲದಲ್ಲಿ ಊದಿಕೊಂಡು ಬೇಸಿಗೆಯಲ್ಲಿ ಒಣಗಿ ಕುಗ್ಗುವ ಮರದ ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿ ಉಳಿಯುತ್ತದೆ. ಬಾಗಿಲ ಬುಡಕ್ಕೆ ಒಂದು ತಗಡಿನ ಪಟ್ಟಿ ಹೊಡೆದರೆ ಸರಿ.

ಪೈಪಿನ ಸುತ್ತ ಮುಚ್ಚಲು ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಬಿಗಿಯಾಗಿ ತುರುಕಿ ಮೇಲೆ ಸಿಮೆಂಟ್ ಬಳಿಯಿರಿ. ತುಕ್ಕು ಹಿಡಿಯುವ ಅಗ್ಗದ ನಾರು ನಮ್ಮ ಮಳೆಗೆ ಒಂದು ವರ್ಷವೂ ಬಾಳುವುದಿಲ್ಲ, ತುಕ್ಕು ಹಿಡಿಯದ್ದನ್ನೇ ಕೇಳಿ ತನ್ನಿ. ಸಿಂಪಡಿಸಿದರೆ ಉಬ್ಬುವ ಫೋಮ್ ನೋಡಲು ಚೆನ್ನ, ಇಲಿಗೆ ಅದು ತಡೆಯೇ ಅಲ್ಲ. ಮಣ್ಣಿನ ಗೋಡೆಯಾದರೆ ಗಾಜಿನ ಚೂರು ಬೆರೆಸಿದ ಸಿಮೆಂಟ್ ತುಂಬುವ ಹಳೇ ಪದ್ಧತಿ ಈಗಲೂ ಚೆನ್ನಾಗಿ ನಡೆಯುತ್ತದೆ.

ಎಲ್ಲ ತೂತನ್ನೂ ಒಂದೇ ದಿನ ಮುಚ್ಚಬೇಡಿ. ಒಳಗೆ ಉಳಿದ ಇಲಿ ಹೊರಗೆ ಹೋಗಲಾರದೆ ಬಾಗಿಲು, ಬಟ್ಟೆ, ವೈರು ಸಿಕ್ಕಿದ್ದೆಲ್ಲ ಕಡಿಯುತ್ತದೆ, ಇಲ್ಲವೇ ಗೋಡೆಯೊಳಗೇ ಸತ್ತು ನಾರುತ್ತದೆ. ಹೆಚ್ಚು ಓಡಾಟ ಇರುವ ಒಂದು ತೂತನ್ನು ಬಿಟ್ಟು ಉಳಿದವನ್ನು ಮುಚ್ಚಿ. ಆ ದಾರಿಯಲ್ಲಿ ಬೋನು ಇಟ್ಟು ಒಳಗಿನವು ಮುಗಿಯಲಿ. ಬೂದಿಯ ಮೇಲೆ ಹೆಜ್ಜೆ ಬೀಳುವುದು ನಿಂತ ಮೇಲೆ ಕೊನೆಯದನ್ನೂ ಮುಚ್ಚಿ.

ಏನು ತಿನ್ನಲು ಬರುತ್ತಿದೆ?

ಅಕ್ಕಿ, ಬೇಳೆ ಡಬ್ಬದಲ್ಲಿದೆ, ಆದರೂ ಇಲಿ ಬರುತ್ತಿದೆ ಅನ್ನುವವರು ಹಿಂದಿನ ಬಾಗಿಲ ಆಚೆ ನೋಡಿ. ನಾಯಿಗೆ ಹಾಕಿದ ಅನ್ನ ರಾತ್ರಿಯಿಡೀ ತಟ್ಟೆಯಲ್ಲೇ ಇರುತ್ತದೆ. ಹಸುವಿನ ಹಿಂಡಿ, ಬೂಸಾ ಚೀಲ ಬಾಯಿ ತೆರೆದೇ ಇರುತ್ತದೆ. ಕೋಳಿ ಗೂಡಿನ ಕೆಳಗೆ ಕಾಳು ಚೆಲ್ಲಿರುತ್ತದೆ. ಹಲಸಿನ ಕಾಲದಲ್ಲಿ ತೊಳೆ ಬಿಡಿಸಿ ಉಳಿದ ಬೀಜ ಮೂಲೆಯಲ್ಲಿ ರಾಶಿ ಬಿದ್ದಿರುತ್ತದೆ. ಪೂಜೆ ಮುಗಿದ ಮೇಲೆ ದೇವರ ಮುಂದಿನ ಬಾಳೆಹಣ್ಣು, ತೆಂಗಿನಕಾಯಿ ಹೋಳು ಬೆಳಗಿನವರೆಗೂ ಅಲ್ಲೇ ಇರುತ್ತದೆ. ದೇವರ ಮನೆಯಲ್ಲಿ ಕಂಡ ಇಲಿಗೆ ಗಣಪತಿಯ ವಾಹನ ಎಂದು ಕೈ ಮುಗಿಯುವವರಿದ್ದಾರೆ. ಮುಗಿಯಲಿ, ಆದರೆ ಹಣ್ಣು ಎತ್ತಿಡಲಿ.

ಅರಸೀಕೆರೆ ಕಡೆ ಕೊಬ್ಬರಿ ಮಾಡುವ ಮನೆಗಳದು ಬೇರೆಯೇ ತೊಂದರೆ. ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಬೇಕು, ಡಬ್ಬಕ್ಕೆ ತುಂಬುವ ಹಾಗಿಲ್ಲ. ಅಲ್ಲಿ ಅಟ್ಟದ ಕಂಬಕ್ಕೆ, ನೆಲದಿಂದ ಒಂದು ಮೀಟರ್ ಮೇಲೆ, ನುಣುಪು ತಗಡನ್ನು ಒಂದೂವರೆ ಅಡಿ ಅಗಲಕ್ಕೆ ಸುತ್ತಿದರೆ ಇಲಿಯ ಉಗುರು ಜಾರುತ್ತದೆ. ಅಟ್ಟ ಗೋಡೆಗೆ ತಾಗಿಕೊಂಡೇ ಇದ್ದರೆ ಈ ತಗಡಿನಿಂದ ಏನೂ ಆಗದು. ಭತ್ತ, ರಾಗಿ ಮೂಟೆಗಳನ್ನು ನೆಲದಿಂದ ಒಂದಡಿ ಎತ್ತರಕ್ಕೆ, ಗೋಡೆಯಿಂದ ಒಂದೂವರೆ ಅಡಿ ದೂರಕ್ಕೆ ಇಡಿ. ಮೂಟೆಯ ಹಿಂದೆ ಪೊರಕೆ ಆಡುವಂತಿದ್ದರೆ ಇಲಿ ಅಲ್ಲಿ ಮರಿ ಹಾಕುವುದಿಲ್ಲ. ಗಬ್ಬ ಮೂರು ವಾರ, ಒಂದು ಸೂಲಿಗೆ ಐದಾರು ಮರಿ. ಮೂಟೆ ಅಲ್ಲಾಡಿಸದೆ ಎರಡು ತಿಂಗಳು ಬಿಟ್ಟರೆ ಏನಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಬೋನಿಗೆ ಬೀಳುತ್ತಿಲ್ಲ

ಮೊದಲು ಪ್ರಾಣಿ ಯಾವುದೆಂದು ನೋಡಿ, ಏಕೆಂದರೆ ಚಿಟ್ಟಿಲಿಯ ಸ್ವಭಾವವೂ ದೊಡ್ಡ ಇಲಿಯ ಸ್ವಭಾವವೂ ತದ್ವಿರುದ್ಧ. ಚಿಟ್ಟಿಲಿಗೆ ಕುತೂಹಲ ಜಾಸ್ತಿ, ಹೊಸದು ಏನು ಬಂದರೂ ಮೂಸಿ ನೋಡುತ್ತದೆ. ಬೋನಿಟ್ಟ ಎರಡು ರಾತ್ರಿಯಲ್ಲಿ ಅದು ಬೀಳದಿದ್ದರೆ ಬೋನು ಅದರ ದಾರಿಯಲ್ಲಿ ಇಲ್ಲ. ಅದು ಗೂಡಿನಿಂದ ಬಹಳ ದೂರ ಹೋಗದು, ಕೆಲವೇ ಮೀಟರ್. ಹಾಗಾಗಿ ಒಂದು ಬೋನು ಸಾಲದು. ಎರಡೆರಡು ಮೀಟರಿಗೆ ಒಂದರಂತೆ ಗೋಡೆಯುದ್ದಕ್ಕೂ ಇಡಿ.

ದೊಡ್ಡ ಇಲಿ ಹೊಸ ವಸ್ತು ಕಂಡರೆ ದೂರ ಸರಿಯುತ್ತದೆ. ಇವತ್ತು ತಂದ ಬೋನನ್ನು ಇವತ್ತೇ ಹೂಡಿದರೆ ನಾಲ್ಕೈದು ದಿನ ಅದು ಹತ್ತಿರವೂ ಸುಳಿಯದು. ಬೋನಿನ ಬಾಗಿಲನ್ನು ತಂತಿಯಿಂದ ಕಟ್ಟಿ, ಬೀಳದಂತೆ ತೆರೆದಿಟ್ಟು, ಒಳಗೆ ದಿನಾ ತಿಂಡಿ ಹಾಕಿ. ಅದು ನಿರ್ಭಯವಾಗಿ ಒಳಗೆ ಹೋಗಿ ತಿಂದು ಬರುವಂತಾದ ಮೇಲೆ ಒಂದು ಸಂಜೆ ಕಟ್ಟು ಬಿಚ್ಚಿ ಹೂಡಿ. ಇಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ, ಅಲ್ಲೇ ಇಲಿ ಗೆಲ್ಲುವುದು.

ತಿಂಡಿಗೆ ಕೆಂಡದ ಮೇಲೆ ಸುಟ್ಟ ಕೊಬ್ಬರಿ ಚೂರು, ಒಣ ಸೀಗಡಿ, ಹುರಿದ ಶೇಂಗಾ, ನಿನ್ನೆಯ ಬೋಂಡ ಯಾವುದಾದರೂ ಆದೀತು. ಪಕ್ಕದಲ್ಲೇ ಭತ್ತದ ರಾಶಿ ಇದ್ದರೆ ಭತ್ತ ಇಟ್ಟು ಪ್ರಯೋಜನವಿಲ್ಲ, ಅಲ್ಲಿ ಇಲ್ಲದ ರುಚಿ ಇಡಿ. ತಿಂಡಿ ಮಾಯವಾಗಿ ಬೋನು ಬೀಳದೆ ಉಳಿದಿದ್ದರೆ ಕೊಂಡಿ ತುಕ್ಕು ಹಿಡಿದಿದೆ. ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ತಿಂಡಿಯನ್ನು ಸುಮ್ಮನೆ ಸಿಕ್ಕಿಸದೆ ದಾರದಿಂದ ಕಟ್ಟಿ. ಎಳೆದಾಗ ಕೊಂಡಿ ಬಿಡಬೇಕು. ಸ್ಪ್ರಿಂಗಿನ ಹಲಗೆ ಬೋನಾದರೆ ತಿಂಡಿ ಇರುವ ತುದಿ ಗೋಡೆಯ ಕಡೆಗಿರಲಿ, ಬೋನು ಗೋಡೆಗೆ ಅಡ್ಡಲಾಗಿರಲಿ. ಮನೆ ಇಲಿಗೆ ಬೋನನ್ನು ತೊಲೆಯ ಮೇಲೇ, ಜಿಡ್ಡಿನ ಪಟ್ಟಿಯ ಪಕ್ಕವೇ ಕಟ್ಟಬೇಕು.

ಬಿದ್ದ ಇಲಿಯನ್ನು ರಸ್ತೆಯಾಚೆ ಬಿಟ್ಟು ಬರುವುದು ಪಕ್ಕದ ಮನೆಯವರಿಗೆ ಕೊಟ್ಟ ಉಡುಗೊರೆ, ಅಷ್ಟೇ. ಅಂಟಿನ ಹಲಗೆ ನನಗೆ ಒಗ್ಗುವುದಿಲ್ಲ. ಇಲಿ ದಿನಗಟ್ಟಲೆ ಒದ್ದಾಡಿ ಸಾಯುತ್ತದೆ, ಜೊತೆಗೆ ಹಲ್ಲಿ, ಹಕ್ಕಿ, ಹಾವೂ ಅಂಟಿಕೊಳ್ಳುತ್ತವೆ. ಪ್ಲಗ್ಗಿಗೆ ಸಿಕ್ಕಿಸುವ, ನಮಗೆ ಕೇಳದ ಸದ್ದು ಮಾಡುವ ಯಂತ್ರಕ್ಕೆ ದುಡ್ಡು ಹಾಕಬೇಡಿ. ಆ ಸದ್ದು ಗೋಡೆ, ಕಪಾಟು ದಾಟುವುದಿಲ್ಲ, ಇಲಿಗೂ ಬೇಗ ರೂಢಿಯಾಗುತ್ತದೆ. ನುಸಿಗುಳಿಗೆ, ಪುದೀನ ಎಣ್ಣೆ ಕೂಡ ಅಷ್ಟೇ. ಬೆಕ್ಕು ಚಿಟ್ಟಿಲಿಗೆ ಆಗುತ್ತದೆ, ಹೆಗ್ಗಣವನ್ನು ಕಂಡು ದಾರಿ ಬಿಡುವ ಬೆಕ್ಕುಗಳೇ ಹೆಚ್ಚು.

ಪಾಷಾಣ ಇಟ್ಟರೂ ಕಡಿಮೆಯಾಗಿಲ್ಲ

ಅಂಗಡಿಯಲ್ಲಿ ಸಿಗುವ ಕಪ್ಪು ಪುಡಿ ಸಾಮಾನ್ಯವಾಗಿ ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಾಗಿದಾಗ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ, ಇಲಿ ಕೆಲವೇ ಗಂಟೆಯಲ್ಲಿ ಸಾಯುತ್ತದೆ. ತೊಂದರೆ ಎಂದರೆ, ಸ್ವಲ್ಪ ತಿಂದು ಹೊಟ್ಟೆ ಕೆಟ್ಟು ಬದುಕಿದ ಇಲಿ ಮತ್ತೆ ಆ ತಿಂಡಿಯನ್ನು ಮುಟ್ಟುವುದಿಲ್ಲ. "ಮೊದಲ ದಿನ ಎರಡು ಸತ್ತವು, ಆಮೇಲೆ ಒಂದೂ ಇಲ್ಲ" ಎಂಬ ದೂರಿನ ಹಿಂದೆ ಇರುವುದು ಇದೇ. ಅದಕ್ಕೇ ಎರಡು ಮೂರು ದಿನ ವಿಷವಿಲ್ಲದ ಕಾಳಿಗೆ ಎಣ್ಣೆ ಸವರಿ ಇಟ್ಟು ರೂಢಿ ಮಾಡಿಸಿ, ಆಮೇಲೆ ವಿಷ ಬೆರೆಸುವ ಕ್ರಮವನ್ನು ಕೃಷಿ ಇಲಾಖೆ ಹೇಳುತ್ತದೆ. ಅದು ಹೊಲ, ಗದ್ದೆಗೆ. ಮನೆಯೊಳಗೆ ನಾನು ಅದನ್ನು ಹೇಳುವುದಿಲ್ಲ, ಏಕೆಂದರೆ ಇದಕ್ಕೆ ಪ್ರತಿವಿಷ ಇಲ್ಲ.

ಬ್ರೊಮಡಿಯೋಲೋನ್ ಎಂಬ ಬಿಲ್ಲೆ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ಸಾಯಲು ನಾಲ್ಕರಿಂದ ಏಳು ದಿನ ಬೇಕು, ಹಾಗಾಗಿ ಇಲಿಗೆ ತಿಂಡಿಯ ಮೇಲೆ ಅನುಮಾನ ಬರುವುದಿಲ್ಲ. ಎರಡು ದಿನಕ್ಕೇ ಕೆಲಸ ಮಾಡಲಿಲ್ಲ ಎಂದು ಬೈದು ಬಿಸಾಡಬೇಡಿ. ಇದಕ್ಕೆ ವಿಟಮಿನ್ ಕೆ1 ಪ್ರತಿವಿಷವಾಗಿ ಇದೆ. ಆದರೆ ವಿಷ ತಿಂದ ಇಲಿಯನ್ನು ನಾಯಿಯೋ ಬೆಕ್ಕೋ ಗೂಬೆಯೋ ತಿಂದರೆ ಅವುಗಳಿಗೂ ಅಪಾಯ. ಇಡಲೇಬೇಕೆಂದರೆ ಮಕ್ಕಳ ಕೈಗೆ, ನಾಯಿಯ ಬಾಯಿಗೆ ಸಿಗದಂತೆ ಬೀಗವಿರುವ ಡಬ್ಬಿಯಲ್ಲಿ ಇಡಿ.

ಟೂತ್‌ಪೇಸ್ಟಿನ ಹಾಗೆ ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟನ್ನು ಮನೆಗೆ ತರಲೇಬೇಡಿ. ಅದು ಮನುಷ್ಯರ ಯಕೃತ್ತನ್ನು ಹಾಳುಮಾಡುತ್ತದೆ, ಪ್ರತಿವಿಷ ಇಲ್ಲ. ತಿಂದವರು ಮೊದಲ ಒಂದೆರಡು ದಿನ ಚೆನ್ನಾಗಿಯೇ ಕಾಣುತ್ತಾರೆ, ಅದನ್ನು ನಂಬಿ ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆ. ಕಾಳಿನ ಗೋದಾಮಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇನ್ನೂ ಕೆಟ್ಟದ್ದು. ಜನ ಮಲಗುವ ಮನೆಯಲ್ಲಿ ಅದರ ಗಾಳಿಯೇ ಸಾಕು ಜೀವ ತೆಗೆಯಲು. ಯಾರಾದರೂ ಯಾವುದೇ ಇಲಿ ಪಾಷಾಣ ತಿಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಪೊಟ್ಟಣವನ್ನು ಜೊತೆಗೇ ಒಯ್ಯಿರಿ. ಯಾವ ವಿಷ ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ.

ಇಲಿ ಕಾಣಿಸುತ್ತಿಲ್ಲ, ವಾಸನೆ ಬರುತ್ತಿದೆ

ಪಾಷಾಣ ಇಟ್ಟ ವಾರದೊಳಗೆ ಈ ದೂರು ಬಂದರೆ ಸಂಶಯವೇ ಬೇಡ. ಇಲಿ ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯುತ್ತದೆ ಎಂಬ ಮಾತು ಅಂಗಡಿಯವರದು, ಹೆಚ್ಚಿನವು ಸಾಯುವುದು ಗೂಡಿನಲ್ಲೇ. ಕಿಟಕಿ ಮುಚ್ಚಿ ಒಂದು ಗಂಟೆ ಬಿಟ್ಟು ಬಂದು, ವಾಸನೆ ಎಲ್ಲಿ ದಟ್ಟವಾಗಿದೆ ನೋಡಿ. ದಪ್ಪ ಹಸಿರು ನೊಣ ಯಾವ ಬಿರುಕಿನ ಸುತ್ತ ಸುಳಿಯುತ್ತದೋ ಅಲ್ಲೇ ಇದೆ. ಸಿಕ್ಕದಿದ್ದರೆ ಎರಡು ವಾರ ಸಹಿಸಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ತೆಗೆಯುವಾಗ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ, ಆಳವಾಗಿ ಹೂಳಿ. ತಿಪ್ಪೆಗೆ ಎಸೆದರೆ ನಾಯಿ ತಿನ್ನುತ್ತದೆ.

ಕರೆಂಟು ಹೋಗುತ್ತಿದೆ, ಕಾರು ಸ್ಟಾರ್ಟ್ ಆಗುತ್ತಿಲ್ಲ

ಇಲಿಯ ಬಾಚಿಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಸವೆಸಲು ಏನಾದರೂ ಕಡಿಯಲೇಬೇಕು. ಮಳೆ ಇಲ್ಲದಿದ್ದರೂ ಟ್ರಿಪ್ ಆಗುತ್ತಿದ್ದರೆ, ಅದರಲ್ಲೂ ರಾತ್ರಿ ಹೊತ್ತು, ಮೇನ್ ಆಫ್ ಮಾಡಿ ಅಟ್ಟದ ವೈರಿಂಗ್ ನೋಡಿ. ಕೇಸಿಂಗ್ ಪಟ್ಟಿಯ ಕೆಳಗೆ ಪ್ಲಾಸ್ಟಿಕ್ ಸಿಪ್ಪೆ ಉದುರಿದ್ದರೆ ಅಲ್ಲೇ ಕಡಿದಿದೆ. ಟೇಪ್ ಸುತ್ತಿ ಬಿಡುವುದು ಬೇಡ, ಆ ತುಂಡು ವೈರನ್ನೇ ಬದಲಿಸಿ, ಪೈಪಿನೊಳಗೆ ಹಾಕಿಸಿ. ಶೆಡ್ಡಿನಲ್ಲಿ ವಾರಗಟ್ಟಲೆ ನಿಂತ ಕಾರು, ಜೀಪಿನ ಬಾನೆಟ್ ಕೆಳಗೆ ಒಣ ಹುಲ್ಲು, ಹತ್ತಿ ಚೂರು ಇದೆಯೇ ನೋಡಿ. ಗಾಡಿಯನ್ನು ಹುಲ್ಲಿನ ಬಣವೆಯ ಪಕ್ಕ ನಿಲ್ಲಿಸದಿದ್ದರೆ ಅರ್ಧ ತೊಂದರೆ ಮುಗಿಯಿತು.

ಪ್ರತಿ ವರ್ಷ ಅದೇ ತಿಂಗಳು ಬರುತ್ತವೆ

ಹಾಗಾದರೆ ಕಾರಣ ಮನೆಯ ಹೊರಗಿದೆ. ಜೂನ್, ಜುಲೈನಲ್ಲಿ ಬಂದರೆ ಗದ್ದೆ ಬದುವಿನ ಬಿಲಗಳಿಗೆ ನೀರು ನುಗ್ಗಿದೆ. ನವೆಂಬರ್ ಕೊನೆಯಿಂದ ಜನವರಿಯ ನಡುವೆ ಬಂದರೆ ಭತ್ತ, ರಾಗಿ ಕೊಯ್ಲಾಗಿ ಹೊಲ ಬರಿದಾಗಿದೆ, ಕಾಳು ಎಲ್ಲಿಗೆ ಹೋಯಿತೋ ಅವೂ ಅಲ್ಲಿಗೇ ಬಂದಿವೆ. ಈ ಎರಡು ಕಾಲಕ್ಕೆ ಹದಿನೈದು ದಿನ ಮುಂಚೆ ಪೆನ್ಸಿಲ್ ಹಿಡಿದು ಮನೆ ಸುತ್ತುವುದು ಒಳ್ಳೆಯದು.

ಹಿತ್ತಿಲಲ್ಲಿ ಬಿಲ ಇದ್ದರೆ ಎಲ್ಲ ಬಿಲಕ್ಕೂ ಮದ್ದು ಹಾಕುವುದು ದಂಡ. ಸಂಜೆ ಎಲ್ಲದರ ಬಾಯಿಯನ್ನೂ ಹಸಿ ಮಣ್ಣಿನಿಂದ ಮುಚ್ಚಿ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಮಾತ್ರ ಇಲಿ ಇದೆ. ಬಿಲದೊಳಗೆ ಕೈ ಹಾಕಬೇಡಿ. ಬಿಲ ತೋಡುವುದು ಹೆಗ್ಗಣವಾದರೂ ನಾಗರಹಾವು ಅಲ್ಲಿ ಬಾಡಿಗೆ ಇಲ್ಲದೆ ಇರುತ್ತದೆ. ತೋಟದಲ್ಲಿ ಕೇರೆ ಹಾವು ಕಂಡರೆ ಬಿಟ್ಟುಬಿಡಿ. ವಿಷವಿಲ್ಲದ ಹಾವು, ಇಲಿ ಹುಡುಕಿ ಬಿಲದೊಳಗೇ ಹೋಗುತ್ತದೆ. ಗೂಬೆ ಕೂತರೆ ಅಪಶಕುನ ಎಂದು ಕಲ್ಲು ಹೊಡೆಯುವವರು ರಾತ್ರಿ ಅದು ಏನು ಹಿಡಿಯುತ್ತದೆ ಎಂದು ನೋಡಿದವರಲ್ಲ. ಹೊಲದ ಮಟ್ಟದಲ್ಲಿ ಕಾಟ ಜಾಸ್ತಿಯಾದರೆ ಹಾಸನದವರಿಗೆ ಕಂದಲಿಯಲ್ಲಿ, ಚಿಕ್ಕಮಗಳೂರಿನವರಿಗೆ ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಅಕ್ಕಪಕ್ಕದ ಗದ್ದೆಯವರೆಲ್ಲ ಒಂದೇ ವಾರದಲ್ಲಿ ಸೇರಿ ಮಾಡಿದರಷ್ಟೇ ಅಲ್ಲಿ ಫಲ.

ಇಲಿಯ ಮಾತು ಬಿಟ್ಟು ಆಸ್ಪತ್ರೆಗೆ ಹೋಗಬೇಕಾದಾಗ

ಮನೆಯಲ್ಲಿ ಯಾರೂ ಪಾಷಾಣ ಇಟ್ಟಿಲ್ಲ, ಅಕ್ಕಪಕ್ಕದವರೂ ಇಟ್ಟಿಲ್ಲ, ಆದರೂ ಇಲಿಗಳು ತಾವಾಗಿಯೇ ಒಂದರ ಹಿಂದೆ ಒಂದು ಸತ್ತು ಬೀಳುತ್ತಿದ್ದರೆ ಗುಡಿಸಿ ಎಸೆಯಬೇಡಿ, ಹತ್ತಿರವೂ ಹೋಗಬೇಡಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಕಾಲದ ಹಿರಿಯರಿಗೆ ಇದರ ಅರ್ಥ ಗೊತ್ತಿತ್ತು, ಇಲಿ ಬಿದ್ದ ಕೂಡಲೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಸತ್ತ ಇಲಿಯ ಮೈಯಿಂದ ಚಿಗಟ ಬೇರೆ ರಕ್ತ ಹುಡುಕಿಕೊಂಡು ಹೊರಡುತ್ತದೆ. ಈಗ ಆ ಕಾಯಿಲೆ ಇಲ್ಲಿ ಕಾಣುವುದಿಲ್ಲ, ಔಷಧಿಯೂ ಇದೆ, ಆದರೂ ಆರೋಗ್ಯ ಕೇಂದ್ರಕ್ಕೆ ಒಂದು ಮಾತು ತಿಳಿಸಿ.

ನಿಜವಾಗಿ ನಮ್ಮ ಕಡೆ ಎಚ್ಚರ ಬೇಕಿರುವುದು ಇಲಿ ಜ್ವರಕ್ಕೆ. ಇಲಿಯ ಮೂತ್ರ ಬೆರೆತ ನೀರು, ಕೆಸರು ಕಾಲಿನ ಗಾಯಕ್ಕೆ ತಾಗಿದರೆ ಬರುತ್ತದೆ. ನಾಟಿ ಕಾಲದಲ್ಲಿ ಗದ್ದೆಗಿಳಿಯುವವರಿಗೆ, ಕೊಟ್ಟಿಗೆ ತೊಳೆಯುವವರಿಗೆ, ಮೋರಿ ಸ್ವಚ್ಛ ಮಾಡುವವರಿಗೆ ಹೆಚ್ಚು. ಜ್ವರ, ಮೀನಖಂಡದ ತೀವ್ರ ನೋವು, ಕಣ್ಣು ಕೆಂಪು, ಆಮೇಲೆ ಕಾಮಾಲೆ. ಬೇಗ ಗುರುತಿಸಿದರೆ ಸಾಮಾನ್ಯ ಆ್ಯಂಟಿಬಯೋಟಿಕ್‌ಗೇ ಬಗ್ಗುತ್ತದೆ. ತಡವಾದರೆ ಮೂತ್ರಪಿಂಡ, ಯಕೃತ್ತಿಗೆ ಪೆಟ್ಟು. ಮಳೆಗಾಲದ ಜ್ವರ ಎಂದು ಮಾತ್ರೆ ನುಂಗಿ ಮಲಗುವ ಬದಲು, ವೈದ್ಯರು ಕೇಳದಿದ್ದರೂ ಮನೆಯಲ್ಲಿ ಇಲಿ ಇದೆ, ಗದ್ದೆ ಕೆಸರಿಗೆ ಇಳಿದಿದ್ದೆ ಎಂದು ನೀವಾಗಿಯೇ ಹೇಳಿ.